ಗಣಿ ಮುಚ್ಚಿದ ಮೇಲೆ ಹಳ್ಳಿಯ ಕೈಯಲ್ಲಿ ಏನು ಉಳಿಯುತ್ತದೆ?

ಪ್ರಶ್ನೆ: ಇಂಡೋನೇಷ್ಯಾದ ಗಣಿ ಪ್ರದೇಶಗಳಲ್ಲಿ ಹಳ್ಳಿಗಳೇ ಸ್ವಂತ ಉದ್ಯಮ ನಡೆಸುತ್ತವೆ ಎಂದು ಕೇಳಿದ್ದೇನೆ. ಅದು ಹೇಗೆ? ಗಣಿ ನಿಂತ ಮೇಲೂ ಅವು ಬಾಳುತ್ತವೆಯೇ?

ಉತ್ತರ: ಅಲ್ಲಿ ಇವನ್ನು ‘ಬುಮ್‌ದೆಸ್’ ಎಂದು ಕರೆಯುತ್ತಾರೆ, ಹಳ್ಳಿಯ ಒಡೆತನದ ಉದ್ಯಮ ಸಂಸ್ಥೆ ಎಂದು ಅದರ ಅರ್ಥ. 2014ರ ಗ್ರಾಮ ಕಾಯ್ದೆ ಇವಕ್ಕೆ ಗಟ್ಟಿ ನೆಲೆ ಕೊಟ್ಟಿತು. 2021ರ ಸರ್ಕಾರಿ ನಿಯಮಾವಳಿಯು ಇವಕ್ಕೆ ಪ್ರತ್ಯೇಕ ಕಾನೂನು ಅಸ್ತಿತ್ವವನ್ನು ಖಚಿತಪಡಿಸಿದ್ದರಿಂದ, ತಮ್ಮದೇ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವುದು ಸುಗಮವಾಯಿತು. ಉದ್ಯಮ ಆರಂಭಿಸಬೇಕೆ, ಬಂಡವಾಳ ಎಷ್ಟು ಎಂಬುದು ಗ್ರಾಮಸಭೆಯಲ್ಲಿ ತೀರ್ಮಾನವಾಗಬೇಕು. ಗ್ರಾಮದ ಮುಖ್ಯಸ್ಥರು ಸಲಹೆಗಾರರಾಗಿರುತ್ತಾರೆ, ದಿನನಿತ್ಯದ ವ್ಯವಹಾರ ನಿರ್ದೇಶಕರದು, ಅದರ ಮೇಲೆ ಕಣ್ಣಿಡಲು ಬೇರೆ ಮೇಲ್ವಿಚಾರಕರಿರುತ್ತಾರೆ.

ಗಣಿ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಬಲವಿದೆ. ಗಣಿ ಕಂಪನಿಗಳು ಸುತ್ತಲಿನ ಜನರ ಅಭಿವೃದ್ಧಿಗೆ ಕಾರ್ಯಕ್ರಮ ರೂಪಿಸಬೇಕು, ಸ್ಥಳೀಯ ಉದ್ಯಮಿಗಳನ್ನು ತೊಡಗಿಸಿಕೊಳ್ಳಬೇಕು ಎಂದು 2009ರ ಗಣಿ ಕಾಯ್ದೆ ವಿಧಿಸಿದೆ. ಹೀಗಾಗಿ ಕಾರ್ಮಿಕರ ಊಟ, ತರಕಾರಿ, ಮೊಟ್ಟೆ, ಬಟ್ಟೆ ಒಗೆತ, ವಾಹನ ಬಾಡಿಗೆ ಇಂಥ ಕೆಲಸಗಳನ್ನು ಹೊರಗಿನ ಗುತ್ತಿಗೆದಾರರ ಬದಲು ಹಳ್ಳಿಯ ಸಂಸ್ಥೆಯೇ ವಹಿಸಿಕೊಳ್ಳಬಹುದು. ಬಂದ ಲಾಭದ ಒಂದು ಪಾಲು ಗ್ರಾಮದ ಆದಾಯಕ್ಕೆ ಸೇರುತ್ತದೆ.

ಆದರೆ ನನಗೆ ನಿಜವಾದ ಆತಂಕವಿರುವುದು ಇಲ್ಲಿಯೇ. ಗಣಿಯೊಂದೇ ಗಿರಾಕಿಯಾದರೆ, ಅದು ನಿಂತ ದಿನ ಹಳ್ಳಿಯ ಉದ್ಯಮವೂ ನಿಲ್ಲುತ್ತದೆ. ಇಂಡೋನೇಷ್ಯಾದ ಪೂರ್ವ ಕಾಲಿಮಂತಾನ್ ಪ್ರಾಂತ್ಯದಲ್ಲಿ ಕಲ್ಲಿದ್ದಲು ತೆಗೆದು ಮುಚ್ಚದೆ ಬಿಟ್ಟ ಗುಂಡಿಗಳಲ್ಲಿ ನೀರು ತುಂಬಿ ಮಕ್ಕಳು ಮುಳುಗಿ ಸತ್ತಿದ್ದಾರೆ. ಅಂಥ ನೆಲದಲ್ಲಿ ಬೇಸಾಯವನ್ನು ಮತ್ತೆ ಕಟ್ಟುವುದು ವರ್ಷಗಟ್ಟಲೆಯ ಕೆಲಸ. ಆದ್ದರಿಂದ ಗಣಿ ನಡೆಯುತ್ತಿರುವಾಗಲೇ ಅದರಿಂದ ಬಂದ ಲಾಭವನ್ನು ಗಣಿಗೆ ಸಂಬಂಧವಿಲ್ಲದ ಕಸುಬುಗಳಿಗೆ, ಅಂದರೆ ಮೀನು ಸಾಕಣೆ, ಕುಡಿಯುವ ನೀರಿನ ಸರಬರಾಜು, ಸಂತೆ, ರಬ್ಬರ್ ಖರೀದಿ ಮುಂತಾದವಕ್ಕೆ ತೊಡಗಿಸಬೇಕು. ಗಣಿ ಸೀಮೆಯದಲ್ಲದಿದ್ದರೂ, ಮಧ್ಯ ಜಾವಾದ ಪೊಂಗೊಕ್ ಎಂಬ ಹಳ್ಳಿ ಇಲ್ಲಿ ನೆನಪಾಗುತ್ತದೆ: 2009ರಲ್ಲಿ ಸ್ಥಾಪಿಸಿದ ಗ್ರಾಮೋದ್ಯಮದ ಮೂಲಕ ಅದು ತನ್ನ ನೀರಿನ ಬುಗ್ಗೆಯನ್ನೇ ಪ್ರವಾಸಿ ತಾಣವಾಗಿ ಬೆಳೆಸಿತು.

ನಮ್ಮಲ್ಲಿ ಬಳ್ಳಾರಿಯ ಓದುಗರಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ, ಅಂದರೆ ಗಣಿಯಿಂದ ಬಾಧಿತರಾದ ಜನರಿಗಾಗಿ ಇರುವ ನಿಧಿಯ ಪರಿಚಯವಿರುತ್ತದೆ. ಭಾರತದ ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಂತೆ ಗಣಿ ಗುತ್ತಿಗೆ ಪಡೆದವರು ರಾಜಧನದ ಜೊತೆಗೆ ಅದಕ್ಕೂ ಹಣ ಕಟ್ಟುತ್ತಾರೆ. ಆದರೆ ಆ ನಿಧಿಯ ಕೀಲಿಕೈ ಜಿಲ್ಲಾ ಮಟ್ಟದಲ್ಲಿದೆ, ಅದರಿಂದ ರಸ್ತೆ, ಶಾಲೆ, ಆಸ್ಪತ್ರೆಗಳಾಗುತ್ತವೆ. ಬುಮ್‌ದೆಸ್‌ನಲ್ಲಿ ಸಂಪಾದನೆಯೂ ಅದರ ಲೆಕ್ಕವೂ ಹಳ್ಳಿಯದೇ, ಮತ್ತು ಆ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳದ ಕಡೆ ಅದು ಬರೀ ನಾಮಫಲಕವಾಗಿ ಉಳಿಯುತ್ತದೆ.