ಬೇರಿಲ್ಲದ ಜೀವ, ಗಾಳಿಯಲ್ಲಿ ಬಂದ ಸೀಸ

ಅಂಟಾರ್ಕ್ಟಿಕದ ಅಂಚಿನಲ್ಲಿರುವ ಕಿಂಗ್ ಜಾರ್ಜ್ ದ್ವೀಪದ ಬಂಡೆಗಳ ಮೇಲೆ ಕುರುಚಲು ಗಡ್ಡದಂತೆ ಬೆಳೆಯುವ ಒಂದು ಲೈಕೆನ್ ಇದೆ. ಹೆಸರು ಉಸ್ನಿಯ ಅಂಟಾರ್ಕ್ಟಿಕ. ಹಳದಿ ಬೆರೆತ ತಿಳಿಹಸಿರು ಎಳೆಗಳು, ಕಪ್ಪಿಟ್ಟ ತುದಿಗಳು. ಒಣಗಿದ್ದಾಗ ಬೆರಳು ತಾಕಿದರೆ ಮುರಿಯುತ್ತದೆ. ಹಿಮ ಕರಗಿ ನಾಲ್ಕು ಹನಿ ಬಿದ್ದರೆ ಸಾಕು, ಮೆತ್ತಗಾಗಿ ಮತ್ತೆ ಉಸಿರಾಡತೊಡಗುತ್ತದೆ. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವೂ ಇದೂ ಒಂದೇ ಕುಟುಂಬಕ್ಕೆ ಸೇರಿದವು.

ಗಾಳಿಯಲ್ಲಿ ಬಂದ ಲೋಹ ಇದರಲ್ಲಿ ಎಷ್ಟು ಸೇರಿದೆಯೆಂದು ಪರೀಕ್ಷಿಸಲು ಇದನ್ನು ಕೀಳುವವರು ಪ್ಲಾಸ್ಟಿಕ್ ಚಿಮುಟವನ್ನೇ ಹಿಡಿಯುತ್ತಾರೆ. ಹುಡುಕುತ್ತಿರುವುದು ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನಷ್ಟು ಸೀಸವನ್ನೋ ಅದಕ್ಕೂ ಕಡಿಮೆ ಕ್ಯಾಡ್ಮಿಯಮ್ಮನ್ನೋ ಆದ್ದರಿಂದ ಉಕ್ಕಿನ ಚಿಮುಟದ ಗೀರು ಕೂಡ ಲೆಕ್ಕ ಕೆಡಿಸಬಲ್ಲದು. ಪಾಚಿ, ಮರಳಿನ ಕಣಗಳನ್ನು ಆರಿಸಿ ತೆಗೆದು, ಒಣಗಿಸಿ, ಪುಡಿಮಾಡಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಳೆಯುತ್ತಾರೆ.

ಲೈಕೆನ್ ಒಂದೇ ಜೀವಿಯಲ್ಲ. ಶಿಲೀಂಧ್ರವೊಂದು ಮನೆ ಕಟ್ಟುತ್ತದೆ, ಅದರೊಳಗೆ ಕೂತ ಶೈವಲ ಅಡುಗೆ ಮಾಡುತ್ತದೆ. ಇವೆರಡರ ಸಂಸಾರಕ್ಕೆ ಬೇರಿಲ್ಲ. ಎಲೆಗಳಿಗಿರುವಂತೆ ನೀರು ತಡೆಯುವ ಮೇಣದ ಹೊದಿಕೆಯೂ ಇಲ್ಲ. ಮಂಜು, ಹಿಮ, ಧೂಳು, ಕಡಲಿನ ತುಂತುರು ಏನೇ ಬಂದರೂ ಇಡೀ ಮೈಯಿಂದ ಹೀರಿಕೊಳ್ಳುತ್ತದೆ. ಧ್ರುವದ ಬರಡಿನಲ್ಲಿ ಬದುಕುವುದಕ್ಕೆ ಇದೇ ದಾರಿ, ಲೋಹ ಒಳಗೆ ಬರುವುದಕ್ಕೂ ಇದೇ ದಾರಿ. ಸೂಕ್ಷ್ಮ ಕಣಗಳು ಎಳೆಗಳ ಸಂದಿನಲ್ಲಿ ಸಿಕ್ಕಿಕೊಳ್ಳುತ್ತವೆ. ನೀರಿನಲ್ಲಿ ಕರಗಿ ಬಂದ ಸೀಸ, ತಾಮ್ರದ ಅಯಾನುಗಳು ಶಿಲೀಂಧ್ರದ ಕೋಶಭಿತ್ತಿಗೆ ಅಂಟುತ್ತವೆ. ಸ್ವಲ್ಪ ಭಾಗ ಕೋಶದೊಳಗೂ ನುಸುಳುತ್ತದೆ. ತಾಮ್ರದ ಬಂಡೆಗಳ ಮೇಲೆ ಬೆಳೆಯುವ ಕೆಲವು ಲೈಕೆನ್‌ಗಳು ಅದನ್ನು ಆಕ್ಸಲೇಟ್ ಹರಳುಗಳಾಗಿಸಿ ಅಪಾಯವಿಲ್ಲದಂತೆ ಕಟ್ಟಿಹಾಕುತ್ತವೆ. ಈ ಜಾಣ್ಮೆಗೆ ನಾನು ಇಂದಿಗೂ ಬೆರಗಾಗುತ್ತೇನೆ. ಧ್ರುವಪ್ರದೇಶದ ಬಹುತೇಕ ಲೈಕೆನ್‌ಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ಅದೇ ಹೆಚ್ಚು. ಎಲೆ ಉದುರಿಸಿ ಹಗುರಾಗುವ ಅವಕಾಶ ಅವಕ್ಕಿಲ್ಲ, ಹಾಗಾಗಿ ಬಂದದ್ದು ಕೂಡುತ್ತಾ ಹೋಗುತ್ತದೆ.

ಲೋಹ ಸಿಕ್ಕಿತೆಂದ ಮಾತ್ರಕ್ಕೆ ಮಾಲಿನ್ಯ ಎನ್ನುವಂತಿಲ್ಲ. ಬಂಡೆ ಸವೆದ ಧೂಳಿನಲ್ಲೂ ಸೀಸವಿರುತ್ತದೆ. ಹಾಗಾಗಿ ಬಂಡೆಧೂಳಿನಿಂದಲೇ ಹೆಚ್ಚಾಗಿ ಬರುವ ಅಲ್ಯುಮಿನಿಯಮ್ಮನ್ನು ಅಳತೆಗೋಲಾಗಿಟ್ಟು, ಲೈಕೆನ್ನಿನಲ್ಲಿ ಅಲ್ಯುಮಿನಿಯಮ್ಮಿಗೆ ಎಷ್ಟು ಸೀಸವಿದೆ, ಅಲ್ಲಿನ ಬಂಡೆಯಲ್ಲಿ ಎಷ್ಟಿದೆ ಎಂದು ಹೋಲಿಸುತ್ತಾರೆ. ಬಂಡೆಗಿಂತ ಬಹಳ ಹೆಚ್ಚಿದ್ದರೆ ಆ ಸೀಸ ಬೇರೆಡೆಯಿಂದ ಬಂದದ್ದು. ಇನ್ನೂ ಖಚಿತವಾದ ಗುರುತು ಸೀಸದ ಐಸೊಟೋಪುಗಳದ್ದು, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಸೀಸದ ಪರಮಾಣುಗಳದ್ದು. ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಯ ಸೀಸದಲ್ಲಿ ಸೀಸ-206 ಮತ್ತು ಸೀಸ-207ರ ಅನುಪಾತ ಸುಮಾರು 1.04, ಬೇರೆಡೆಯ ಬಂಡೆಧೂಳಿನಲ್ಲಿ ಸಾಮಾನ್ಯವಾಗಿ 1.2ರ ಆಸುಪಾಸು. ಬ್ರೋಕನ್ ಹಿಲ್‌ನ ಈ ಗುರುತು ಅಂಟಾರ್ಕ್ಟಿಕದ ಹಿಮಪದರಗಳಲ್ಲಿ 1889ರಿಂದಲೇ ಕಾಣತೊಡಗುತ್ತದೆ. ನಾರ್ವೆಯ ಅಮುಂಡ್ಸನ್ ಮೊದಲಿಗನಾಗಿ ದಕ್ಷಿಣ ಧ್ರುವ ಮುಟ್ಟಿದ್ದು 1911ರಲ್ಲಿ. ಮನುಷ್ಯನಿಗಿಂತ 22 ವರ್ಷ ಮೊದಲೇ ಅವನ ಕುಲುಮೆಯ ಹೊಗೆ ಅಲ್ಲಿಗೆ ಹೋಗಿತ್ತು! ಹಿಮದಂತೆ ವರ್ಷವರ್ಷದ ಲೆಕ್ಕವನ್ನು ಲೈಕೆನ್ ಕೊಡಲಾರದು, ನಿಜ. ಆದರೆ ಹಿಮವಿಲ್ಲದ ಬಯಲಿನಲ್ಲಿ, ಸಂಶೋಧನಾ ನೆಲೆಗಳ ಡೀಸೆಲ್ ಜನರೇಟರುಗಳ ಪಕ್ಕದಲ್ಲಿ, ಈಚಿನ ವರ್ಷಗಳ ಗಾಳಿ ಹೇಗಿತ್ತೆಂದು ಕೇಳಬೇಕಾದರೆ ಅದನ್ನೇ ಕೇಳಬೇಕು.

ಉತ್ತರ ಧ್ರುವದ ಕಡೆ ವಿಷಯ ಇನ್ನೂ ಗಂಭೀರ. ಅಲ್ಲಿ ಲೈಕೆನ್ ಮೇವು. ಚಳಿಗಾಲದಲ್ಲಿ ಹಿಮಸಾರಂಗಗಳು ಕಾಲಿನಿಂದ ಹಿಮ ಕೆದಕಿ ಕ್ಲಾಡೋನಿಯ ಜಾತಿಯ ಲೈಕೆನ್ನುಗಳನ್ನು ತಿನ್ನುತ್ತವೆ. ಅದರಲ್ಲಿನ ಕ್ಯಾಡ್ಮಿಯಮ್ ಅವುಗಳ ಮೂತ್ರಪಿಂಡದಲ್ಲಿ ಶೇಖರವಾಗುತ್ತದೆ. ಆ ಮಾಂಸವನ್ನು ನಂಬಿ ಬದುಕುವವರು ಉತ್ತರ ಯುರೋಪಿನ ಮೂಲನಿವಾಸಿಗಳಾದ ಸಾಮಿ ಜನ. 1986ರಲ್ಲಿ ಚೆರ್ನೊಬಿಲ್ ಅಣುಸ್ಥಾವರದ ಸ್ಫೋಟದಿಂದ ಹೊರಬಿದ್ದ ವಿಕಿರಣಶೀಲ ಸೀಸಿಯಮ್ ಇದೇ ದಾರಿಯಲ್ಲಿ ಅವರ ಮನೆ ತಲುಪಿತು. ತಾವು ಕಂಡೇ ಇರದ ಒಂದು ಸ್ಥಾವರದ ತಪ್ಪಿಗೆ, ಹಿಂಡು ಹಿಂಡಾಗಿ ಕಡಿದ ಮಾಂಸವನ್ನು ಅವರು ಎಸೆಯಬೇಕಾಯಿತು.

ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ನಿಕಲ್ ಮತ್ತು ತಾಮ್ರ ಕರಗಿಸುತ್ತಿದ್ದ ಕುಲುಮೆಗಳ ಸುತ್ತ ಹೋದರೆ ಲೈಕೆನ್ ಸಿಗುವುದೇ ಅಪರೂಪ. ಲೋಹವನ್ನು ಅದು ಬಹಳಷ್ಟು ಸಹಿಸೀತು, ಲೋಹದ ಜೊತೆಗೇ ಬರುವ ಗಂಧಕದ ಡೈಆಕ್ಸೈಡನ್ನು ತಡೆಯಲಾರದು. ನಾರ್ವೆಯ ಗಡಿಗೆ ಹತ್ತಿಕೊಂಡ ನಿಕೆಲ್ ಎಂಬ ಊರಿನ ಕುಲುಮೆ 2020ರ ಡಿಸೆಂಬರ್‌ನಲ್ಲಿ ಆರಿತು. ಹೊಗೆ ನಿಂತಿದೆ, ಮಣ್ಣಿನಲ್ಲಿ ನಿಕಲ್ ಉಳಿದಿದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜೀವ ಅಲ್ಲಿನ ಬರಿದಾದ ಬಂಡೆಗಳ ಮೇಲೆ ಮತ್ತೆ ಹರಡಬೇಕು.