ಸೀರೆಯ ಸೆಳೆತ, ಕರಾವಳಿಯ ತೇವ

ಜನವರಿಯಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಬೀಸುವ ಕೆಲವು ಬೆಳಿಗ್ಗೆ ಉಡುಪಿಯಲ್ಲಿ ಪಾಲಿಯೆಸ್ಟರ್ ಸೀರೆ ಹಟ ಹಿಡಿಯುತ್ತದೆ. ಹೆಜ್ಜೆ ಇಟ್ಟಂತೆಲ್ಲ ಕಾಲಿಗೆ ಸುತ್ತಿಕೊಳ್ಳುತ್ತದೆ, ನೆರಿಗೆ ಬಿಡಿಸಿದರೆ ಚಟಚಟ ಎನ್ನುತ್ತದೆ. ಜೂನ್ ತಿಂಗಳಲ್ಲಿ ಅದೇ ಸೀರೆ ತೆಪ್ಪಗಿರುತ್ತದೆ.

ಇದು ಸ್ಥಿರ ವಿದ್ಯುತ್ತಿನ ಆಟ. ಎರಡು ಬೇರೆ ಬೇರೆ ವಸ್ತುಗಳು ತಾಗಿ ಬೇರೆಯಾದಾಗ ಒಂದರ ಎಲೆಕ್ಟ್ರಾನ್‌ಗಳು ಇನ್ನೊಂದಕ್ಕೆ ದಾಟಬಹುದು. ತಾಗಿದರೂ ಸಾಕು, ಉಜ್ಜಿದರೆ ತಾಗುವ ಜಾಗ ಹೆಚ್ಚುತ್ತದೆ, ಅಷ್ಟೇ. ನೈಲಾನ್ ಲಂಗದ ಮೇಲೆ ಪಾಲಿಯೆಸ್ಟರ್ ಸೀರೆ ಉಜ್ಜಿದಾಗ ಲಂಗ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಸೀರೆ ಪಡೆದುಕೊಳ್ಳುತ್ತದೆ. ಹೀಗೆ ಲಂಗದಲ್ಲಿ ಧನ, ಸೀರೆಯಲ್ಲಿ ಋಣ ಆವೇಶ, ಅಂದರೆ ವಿದ್ಯುತ್ ಚಾರ್ಜ್, ಉಳಿಯುತ್ತದೆ. ವಿರುದ್ಧ ಆವೇಶಗಳು ಒಂದನ್ನೊಂದು ಸೆಳೆಯುತ್ತವೆ.

ಆದರೆ ಕೂದಲಿಗೆ ಉಜ್ಜಿದ ಬಲೂನು ಆವೇಶವೇ ಇಲ್ಲದ ಗೋಡೆಗೆ ಅಂಟುವುದು ಹೇಗೆ? ನನಗೆ ಇದೇ ಹೆಚ್ಚು ಸೋಜಿಗ. ಏರ್ ಕಂಡೀಷನರ್ ಇರುವ ಕೋಣೆಯಲ್ಲಿ ಹೊಸ ಮಿಕ್ಸಿಯ ಪೆಟ್ಟಿಗೆ ಬಿಚ್ಚಿ ನೋಡಿ. ಥರ್ಮೋಕೋಲಿನ ಒಂದು ಬಿಳಿ ಕಾಳು ಬೆರಳಿಗೆ ಹತ್ತುತ್ತದೆ. ಕೊಡವಿದರೂ ಬೀಳದು, ಇನ್ನೊಂದು ಬೆರಳಿನಿಂದ ತಳ್ಳಿದರೆ ಆ ಬೆರಳಿಗೆ ಜಿಗಿಯುತ್ತದೆ. ಕಾಳಿನಲ್ಲಿ ಋಣ ಆವೇಶವಿದ್ದರೆ ಅದು ಚರ್ಮದಲ್ಲಿರುವ ಋಣ ಆವೇಶವನ್ನು ತುಸು ದೂರ ತಳ್ಳುತ್ತದೆ, ಧನ ಆವೇಶ ಹತ್ತಿರ ಉಳಿಯುತ್ತದೆ. ಹತ್ತಿರದ ಸೆಳೆತ ದೂರದ ತಳ್ಳಾಟಕ್ಕಿಂತ ಬಲವಾದದ್ದು. ಥರ್ಮೋಕೋಲು ಅವಾಹಕವಾದ್ದರಿಂದ ಅದರ ಆವೇಶ ಬೆರಳಿಗೆ ಬೇಗ ಹರಿದುಹೋಗುವುದೂ ಇಲ್ಲ. ಕಾಳೋ ಗಾಳಿಯಷ್ಟು ಹಗುರ. ಅಷ್ಟು ಬಲವೇ ಅದಕ್ಕೆ ಧಾರಾಳ. ಬಲೂನು ಮತ್ತು ಗೋಡೆಯ ನಡುವೆ ನಡೆಯುವುದೂ ಇದೇ.

ಮಳೆಗಾಲದಲ್ಲಿ ಇದೆಲ್ಲ ಏಕೆ ಅಡಗುತ್ತದೆ? ತೇವದ ಗಾಳಿಯಲ್ಲಿ ಬಟ್ಟೆಯ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ, ಲವಣಾಂಶ ಬೆರೆತ ಆ ಪೊರೆಯ ಮೂಲಕ ಆವೇಶ ಸೋರಿಹೋಗುತ್ತದೆ. ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಹಿಡಿದಿಡಬಲ್ಲದು, ಪಾಲಿಯೆಸ್ಟರ್ ಶೇ. 0.4ರಷ್ಟನ್ನು ಮಾತ್ರ. ಉಡುಪಿಯ ಕೈಮಗ್ಗದ ಹತ್ತಿ ಸೀರೆ ಕಾಲಿಗೆ ಅಂಟದಿರುವುದು ಇದರಿಂದಲೇ. ಒಳಗೆ ಹತ್ತಿಯ ಲಂಗ ಉಟ್ಟು, ಒದ್ದೆ ಅಂಗೈಯನ್ನು ನೆರಿಗೆಯ ಒಳಬದಿಗೆ ಸವರಿದರೆ ಪಾಲಿಯೆಸ್ಟರ್ ಕೂಡ ಪಳಗುತ್ತದೆ.

ಕರಾವಳಿಯ ತೇವ ನೆರವಿಗೆ ಬಾರದ ಜಾಗವೂ ಇದೆ. ಕೊಳವೆಯಲ್ಲಿ ರಭಸವಾಗಿ ಹರಿಯುವ ಪೆಟ್ರೋಲಿನಲ್ಲೂ ಆವೇಶ ಕೂಡುತ್ತದೆ, ಹೊರಗಿನ ಗಾಳಿ ಅದನ್ನು ಮುಟ್ಟದು. ಆದ್ದರಿಂದಲೇ ಮಂಗಳೂರಿನಲ್ಲಿ ಜಡಿಮಳೆ ಸುರಿಯುತ್ತಿದ್ದರೂ ಟ್ಯಾಂಕರಿಗೆ ಪೆಟ್ರೋಲ್ ತುಂಬುವ ಮೊದಲು, ಆವೇಶ ಕಿಡಿಯಾಗಿ ಹಾರದಂತೆ, ಅದರ ಲೋಹದ ಮೈಗೆ ಭೂಸಂಪರ್ಕದ ತಂತಿ ಕಚ್ಚಿಸಲೇಬೇಕು.