ಪದ ಪರಿಚಯ: ವರ್ಚುವಲ್ ಗಿಟಾರಿನ ‘ಪ್ಲೇಯಬಿಲಿಟಿ’

ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ರೂಪದಲ್ಲಿರುವ ಗಿಟಾರನ್ನು ಕೀಬೋರ್ಡಿನ ಮೂಲಕ ನುಡಿಸುವಾಗ, ನುಡಿಸುವವರ ಕೈಚಲನೆಗೆ ಅದು ಎಷ್ಟು ಬೇಗ, ಎಷ್ಟು ಸೂಕ್ಷ್ಮವಾಗಿ ಮತ್ತು ನಿಜವಾದ ಗಿಟಾರಿನ ನಡವಳಿಕೆಗೆ ಎಷ್ಟು ಹತ್ತಿರವಾಗಿ ಓಗೊಡುತ್ತದೆ ಎಂಬ ಗುಣವನ್ನು ಸಂಗೀತ ನಿರ್ಮಾಣದ ವಲಯದಲ್ಲಿ ಪ್ಲೇಯಬಿಲಿಟಿ ಎನ್ನುತ್ತಾರೆ. ಇದು ನಾದದ ಗುಣಮಟ್ಟಕ್ಕಿಂತ ಬೇರೆಯಾದ ಗುಣ. ಒಂದೊಂದೇ ಸ್ವರವನ್ನು ಬಿಡಿಯಾಗಿ ಕೇಳಿದಾಗ ಅಚ್ಚ ಗಿಟಾರಿನಂತೆ ಕೇಳುವ ಸಾಫ್ಟ್‌ವೇರ್, ನಾಲ್ಕು ತಾಳಾವರ್ತ ನುಡಿಸುವಷ್ಟರಲ್ಲಿ ಗಿಟಾರಿನ ದನಿ ಹಾಕಿಕೊಂಡ ಪಿಯಾನೋ ಆಗಿಬಿಡುವುದುಂಟು. ಕೊಳ್ಳುವವರು ಸಾಮಾನ್ಯವಾಗಿ ತಯಾರಕರ ಮಾದರಿ ಮುದ್ರಿಕೆಗಳನ್ನು ಕೇಳಿ ನಿರ್ಧಾರಕ್ಕೆ ಬರುತ್ತಾರೆ. ಆದರೆ ಆ ಮುದ್ರಿಕೆಗಳು ಪ್ರತಿ ಸ್ವರದ ಬಲವನ್ನೂ ಕಾಲವನ್ನೂ ಪರದೆಯ ಮೇಲೆ ತಿದ್ದಿ ತೀಡಿ ಸಿದ್ಧಪಡಿಸಿದವಾಗಿರಬಹುದಾದ್ದರಿಂದ, ಅವು ನಾದಕ್ಕೆ ಸಾಕ್ಷಿಯಾಗಬಲ್ಲವೇ ಹೊರತು ಪ್ಲೇಯಬಿಲಿಟಿಗೆ ಅಲ್ಲ.

ಇಂಥ ಗಿಟಾರುಗಳನ್ನು ಎರಡು ಬಗೆಯಲ್ಲಿ ಕಟ್ಟುತ್ತಾರೆ. ಆಂಪಲ್ ಸೌಂಡ್ ಕಂಪನಿಯ ಗಿಟಾರುಗಳು, ಮ್ಯೂಸಿಕ್‌ಲ್ಯಾಬ್‌ನ ರಿಯಲ್‌ಗಿಟಾರ್ ಮುಂತಾದವು ನಿಜವಾದ ವಾದ್ಯದ ಒಂದೊಂದು ಸ್ವರವನ್ನೂ ಮುದ್ರಿಸಿಟ್ಟುಕೊಂಡು, ಕೀ ಒತ್ತಿದಾಗ ಆ ಮುದ್ರಿಕೆಯನ್ನು ಕೇಳಿಸುತ್ತವೆ. ಇದು ಸ್ಯಾಂಪಲ್ ಪದ್ಧತಿ. ಅಪ್ಲೈಡ್ ಅಕೌಸ್ಟಿಕ್ಸ್ ಸಿಸ್ಟಮ್ಸ್ ಅವರ ಸ್ಟ್ರಮ್‌ನಂಥವು ತಂತಿಯ ಕಂಪನವನ್ನೇ ಗಣಿತದ ಮೂಲಕ ಆ ಕ್ಷಣದಲ್ಲಿ ಲೆಕ್ಕ ಹಾಕಿ ನಾದ ಹುಟ್ಟಿಸುತ್ತವೆ. ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ಮೀಟುತಂತಿಯ ಕ್ರಮವಿಧಿ ಈ ಎರಡನೆಯ ಪದ್ಧತಿಗೆ ದಾರಿ ತೋರಿದ ಕೆಲಸಗಳಲ್ಲೊಂದು. ಸ್ಯಾಂಪಲ್ ಪದ್ಧತಿಯಲ್ಲಿ ನಾದ ತುಂಬಿಕೊಂಡಿರುತ್ತದೆ, ಆದರೆ ಒಂದೇ ಸ್ವರವನ್ನು ಬೇಗ ಬೇಗ ಮೀಟಿದಾಗ ಅದೇ ಮುದ್ರಿಕೆ ಮತ್ತೆ ಮತ್ತೆ ಬಂದು ಯಂತ್ರದ ಸದ್ದಿನಂತಾಗುತ್ತದೆ. ಇದನ್ನು ತಪ್ಪಿಸಲು ಒಂದೇ ಸ್ವರದ ಹಲವು ಮುದ್ರಿಕೆಗಳನ್ನು ಸರದಿಯಂತೆ ಬಳಸುವ ಏರ್ಪಾಡಿಗೆ ರೌಂಡ್ ರಾಬಿನ್ ಎಂದು ಹೆಸರು. ಲೆಕ್ಕಾಚಾರದ ಪದ್ಧತಿಗೆ ಈ ತೊಂದರೆ ಇಲ್ಲ. ಅಲ್ಲಿ ಕೈಯ ಮಾತಿಗೆ ಉತ್ತರ ಚುರುಕಾಗಿರುತ್ತದೆ, ಆದರೆ ಮರದ ಪೆಟ್ಟಿಗೆಯ ತುಂಬುದನಿ ನನ್ನ ಕಿವಿಗೆ ಹಲವು ಬಾರಿ ತೆಳುವಾಗಿಯೇ ಕೇಳುತ್ತದೆ.

ಪ್ಲೇಯಬಿಲಿಟಿಯ ತಿರುಳಿರುವುದು ತಂತಿಯ ಲೆಕ್ಕದಲ್ಲಿ. ಕೀಬೋರ್ಡಿನಲ್ಲಿ ಒಂದು ಸ್ವರಕ್ಕೆ ಒಂದೇ ಜಾಗ. ಗಿಟಾರಿನಲ್ಲಿ ಹಾಗಲ್ಲ: ಮೊದಲನೆಯ ತಂತಿಯನ್ನು ಬಿಡಿಯಾಗಿ ಮೀಟಿದಾಗ ಬರುವ ‘ಇ’ ಸ್ವರವೇ ಎರಡನೆಯ ತಂತಿಯ 5ನೆಯ ಫ್ರೆಟ್ಟಿನಲ್ಲಿ (ಫ್ರೆಟ್ ಎಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಮೆಟ್ಟಿಲು), ಮೂರನೆಯದರ 9ನೆಯದರಲ್ಲಿ, ನಾಲ್ಕನೆಯದರ 14ನೆಯದರಲ್ಲಿ, ಐದನೆಯದರ 19ನೆಯದರಲ್ಲಿಯೂ ಸಿಗುತ್ತದೆ. ಬಿಡಿ ತಂತಿಯಲ್ಲಿ ಅದು ಹೊಳಪಾಗಿ ಕೇಳಿದರೆ, ದಪ್ಪ ತಂತಿಯ ಮೇಲುಫ್ರೆಟ್ಟುಗಳಲ್ಲಿ ಗಡುಸಾಗಿ, ಸ್ವಲ್ಪ ಮಬ್ಬಾಗಿ ಕೇಳುತ್ತದೆ. ಕೀಬೋರ್ಡಿನಿಂದ ಬರುವ ಮಿಡಿ (ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಸಂಕೇತಭಾಷೆ) ಸಂದೇಶ ಯಾವ ಸ್ವರ, ಎಷ್ಟು ಬಲ ಎಂಬುದನ್ನು ಹೇಳುತ್ತದೆಯೇ ಹೊರತು ಯಾವ ತಂತಿ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಎಡಗೈ ಈಗ ಎಲ್ಲಿದೆ, ಮುಂದಿನ ಸ್ವರಕ್ಕೆ ಅದು ಎಲ್ಲಿಗೆ ಹೋದೀತು ಎಂಬುದನ್ನು ಸಾಫ್ಟ್‌ವೇರೇ ಊಹಿಸಬೇಕು. ಒಳ್ಳೆಯ ಸಾಫ್ಟ್‌ವೇರ್ ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವೆ ಕೈಯನ್ನು ಹತ್ತು ಫ್ರೆಟ್ ಹಾರಿಸುವುದಿಲ್ಲ; ಜೊತೆಗೆ, ಅದರ ಊಹೆ ತಪ್ಪಿದಾಗ ತಂತಿಯನ್ನೋ ಕೈಯ ಸ್ಥಾನವನ್ನೋ ನಾವೇ ಗೊತ್ತುಪಡಿಸಲು ಅವಕಾಶ ಕೊಡುತ್ತದೆ. ಒಂದು ಸರಳ ಸ್ವರಶ್ರೇಣಿಯನ್ನು ನಿಧಾನವಾಗಿ ಏರಿ ಇಳಿದು ನುಡಿಸುತ್ತಾ, ಪರದೆಯ ಮೇಲಿನ ಫ್ರೆಟ್‌ಬೋರ್ಡಿನಲ್ಲಿ ಬೆರಳಿನ ಗುರುತು ಹೇಗೆ ಚಲಿಸುತ್ತದೆಂದು ನೋಡಿದರೆ ಈ ವಿಷಯದಲ್ಲಿ ಬೇರೆ ಪರೀಕ್ಷೆಯೇ ಬೇಕಾಗದು.

ತಂತಿಯ ಲೆಕ್ಕ ಸರಿಯಿದ್ದರೆ ಇನ್ನೂ ಒಂದು ಸೂಕ್ಷ್ಮ ತಾನಾಗಿ ಸರಿಹೋಗುತ್ತದೆ. ಒಂದು ತಂತಿ ಒಂದು ಕಾಲಕ್ಕೆ ಒಂದೇ ಸ್ವರವನ್ನು ನುಡಿಯಬಲ್ಲದಾದ್ದರಿಂದ, ಅದೇ ತಂತಿಯಲ್ಲಿ ಹೊಸ ಸ್ವರ ಬಂದ ಕೂಡಲೇ ಹಳೆಯದು ನಿಲ್ಲಬೇಕು. ಬೇರೆ ತಂತಿಯ ಸ್ವರವಾದರೋ ಅನುರಣಿಸುತ್ತಲೇ ಇರಬೇಕು. ಕೀಬೋರ್ಡಿನಲ್ಲಿ ಬೆರಳೆತ್ತಿದರೆ ಸದ್ದು ನಿಲ್ಲುತ್ತದೆ, ಗಿಟಾರಿನಲ್ಲಿ ಮೀಟಿದ ಬಲಗೈ ದೂರ ಸರಿದರೂ ಎಡಗೈ ಒತ್ತಿ ಹಿಡಿದಿರುವಷ್ಟು ಹೊತ್ತು ನಾದ ಉಳಿಯುತ್ತದೆ. ಈ ಅಂತರವನ್ನು ತುಂಬಲು ಹಲವು ಸಾಫ್ಟ್‌ವೇರ್‌ಗಳು, ಕೀ ಬಿಟ್ಟರೂ ಸ್ವರವನ್ನು ಉಳಿಸುವ ಸಸ್ಟೇನ್ ಪೆಡಲನ್ನು ಎಡಗೈಯ ಹಿಡಿತವೆಂದು ಅರ್ಥೈಸಿಕೊಳ್ಳುತ್ತವೆ. ಪೆಡಲ್ ಒತ್ತಿಕೊಂಡು ಏಳೆಂಟು ಸ್ವರಗಳನ್ನು ಒಂದರ ಮೇಲೊಂದು ನುಡಿಸಿ ನೋಡಿ: ಆರಕ್ಕಿಂತ ಹೆಚ್ಚು ಸ್ವರಗಳು ಒಟ್ಟಿಗೆ ಮೊಳಗಿದರೆ ಅಲ್ಲಿ ತಂತಿಗಳ ಪರಿಜ್ಞಾನವಿಲ್ಲ ಎಂದೇ ಅರ್ಥ. ನಿರ್ಬಂಧ ಹೇರುವ ವಾದ್ಯವೇ ಇಲ್ಲಿ ಹೆಚ್ಚು ಸಹಜವಾದ ವಾದ್ಯ.

ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ವಿಷಯದಲ್ಲಿ ಕೀಬೋರ್ಡಿಗೂ ಗಿಟಾರಿಗೂ ಇರುವ ದೂರ ಇನ್ನೂ ದೊಡ್ಡದು. ಗಿಟಾರಿಗರು ದಿನವೂ ಹಿಡಿಯುವ ‘ಇ’ ಮೇಜರ್ ಕಾರ್ಡು ಆರೂ ತಂತಿಗಳನ್ನು ಬಳಸಿಕೊಂಡು ಎರಡು ಸ್ಥಾಯಿಗಳ ಉದ್ದಕ್ಕೆ ಹರಡಿಕೊಂಡಿರುತ್ತದೆ. ಕೀಬೋರ್ಡಿನ ಮೇಲೆ ಒಂದು ಕೈ ಅಷ್ಟು ಅಗಲಕ್ಕೆ ಚಾಚಲಾರದು. ಹೀಗಾಗಿ ಮೂರು ಕೀಗಳನ್ನು ಒತ್ತಿದರೆ ಸಾಫ್ಟ್‌ವೇರ್ ಅದನ್ನು ಗಿಟಾರಿನ ಹಿಡಿತಕ್ಕೆ ತಕ್ಕಂತೆ ಹರಡಿಕೊಡಬೇಕಾಗುತ್ತದೆ. ಹರಡಿದ ಮೇಲೆ ಅದನ್ನು ಬಾರಿಸುವ ರೀತಿಯ ಪ್ರಶ್ನೆ ಬರುತ್ತದೆ. ಕೆಳಮುಖವಾದ ಹೊಡೆತ ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ, ಮೇಲ್ಮುಖವಾದದ್ದು ಅದಕ್ಕೆ ವಿರುದ್ಧವಾಗಿ ಸಾಗುತ್ತದೆ. ಮೇಲಕ್ಕೆ ಬರುವಾಗ ಕೈ ಸಾಮಾನ್ಯವಾಗಿ ಮೂರು ನಾಲ್ಕು ತೆಳು ತಂತಿಗಳನ್ನಷ್ಟೇ ಸವರುತ್ತದೆ. ತಂತಿಯಿಂದ ತಂತಿಗೆ ಇರುವ ಮಿಲಿಸೆಕೆಂಡುಗಳ ಅಂತರವೂ ಹೊಡೆತದ ಬಲದೊಂದಿಗೆ ಬದಲಾಗುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಅದೇ ಅಂತರ, ಅದೇ ಆರು ತಂತಿಗಳು ಕೇಳಿಬಂದರೆ, ನಾದ ಎಷ್ಟೇ ಚೆನ್ನಾಗಿದ್ದರೂ ಹಾಡಿನೊಳಗೆ ಅದು ಉಸಿರಾಡುವುದಿಲ್ಲ.

ಇನ್ನು ವಾದನದ ಬಗೆಗಳನ್ನು, ಅಂದರೆ ಅಂಗೈಯಂಚಿನಿಂದ ತಂತಿಯನ್ನು ಅದುಮಿ ಮೀಟುವ ಪಾಮ್ ಮ್ಯೂಟ್, ಮೀಟದೆ ಬೆರಳಿನಿಂದಲೇ ಸ್ವರವೆಬ್ಬಿಸುವ ಹ್ಯಾಮರ್-ಆನ್ ಮತ್ತು ಪುಲ್-ಆಫ್, ಜಾರಿಸಿ ಹೋಗುವ ಸ್ಲೈಡ್ ಮುಂತಾದವುಗಳನ್ನು ಆಯ್ದುಕೊಳ್ಳುವ ವ್ಯವಸ್ಥೆಯನ್ನು ನೋಡಬೇಕು. ಗಿಟಾರಿನ ಅತ್ಯಂತ ತಗ್ಗಿನ ಸ್ವರ ಮಿಡಿಯಲ್ಲಿ 40ನೆಯ ಸಂಖ್ಯೆಯದಾದ್ದರಿಂದ ಅದರ ಕೆಳಗಿನ ಕೀಗಳು ಖಾಲಿ ಉಳಿಯುತ್ತವೆ. ಆ ಕೀಗಳಿಗೆ ಈ ಬಗೆಗಳನ್ನು ಹಚ್ಚಿಡುವುದು ವಾಡಿಕೆ, ಅವನ್ನು ಕೀಸ್ವಿಚ್ ಎನ್ನುತ್ತಾರೆ. ಕೀಸ್ವಿಚ್‌ಗಳ ಪಟ್ಟಿ ಉದ್ದವಾದಷ್ಟೂ ಜಾಹೀರಾತು ಚೆನ್ನಾಗಿ ಕಾಣುತ್ತದೆ, ನುಡಿಸುವವರ ಎಡಗೈಗೆ ಮಾತ್ರ ಹೊರೆ ಹೆಚ್ಚುತ್ತದೆ. ಒಂದು ಕೀಯನ್ನು ಬಿಡುವ ಮೊದಲೇ ಇನ್ನೊಂದನ್ನು ಒತ್ತಿದರೆ ತಾನಾಗಿ ಹ್ಯಾಮರ್-ಆನ್ ಆಗುವುದು, ಹಗುರವಾಗಿ ಒತ್ತಿದರೆ ಪಾಮ್ ಮ್ಯೂಟ್ ಬರುವುದು, ಇಂಥ ಒಳ ಏರ್ಪಾಡುಗಳಿರುವ ವಾದ್ಯವನ್ನು ನಾನು ಮೇಲೆಂದು ಎಣಿಸುತ್ತೇನೆ.

ಸ್ವರವನ್ನು ಬಾಗಿಸುವ ಬೆಂಡಿಂಗ್ ಬಹಳ ಕಠಿಣವಾದ ಪರೀಕ್ಷೆ. ಬೆರಳಿನಿಂದ ತಂತಿಯನ್ನು ಎಳೆದರೆ ಶ್ರುತಿ ಏರಬಲ್ಲದೇ ಹೊರತು ಮೂಲ ಸ್ವರಕ್ಕಿಂತ ಇಳಿಯಲಾರದು. ಕೀಬೋರ್ಡಿನಲ್ಲಿ ಶ್ರುತಿಯನ್ನು ಏರಿಳಿಸುವ ಪಿಚ್ ಚಕ್ರ ಎರಡೂ ಕಡೆ ತಿರುಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಚಕ್ರದ ಸಂದೇಶ ಒಂದು ಮಿಡಿ ಚಾನೆಲಿನ (ಸಂದೇಶಗಳು ಸಾಗುವ ದಾರಿಯ) ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ. ಎರಡನೆಯ ತಂತಿಯ ಸ್ವರ ಅಲುಗದೆ ನಿಂತು, ಮೂರನೆಯ ತಂತಿಯದು ಮೇಲೇರಿ ಅದನ್ನು ಕೂಡಿಕೊಳ್ಳುವ ರಾಕ್ ಸಂಗೀತದ ಪರಿಚಿತ ಪಲುಕು ಇದರಿಂದ ಹೊರಡುವುದಿಲ್ಲ. ಪ್ರತಿ ಸ್ವರಕ್ಕೂ ಪ್ರತ್ಯೇಕ ಚಾನೆಲ್ ಕೊಡುವ ಎಂಪಿಇ ಎಂಬ ವಿಧಾನ 2018ರಲ್ಲಿ ಮಿಡಿ ವಿಧಿಗಳ ಭಾಗವಾದ ಮೇಲೆ ಈ ತೊಡಕಿಗೆ ಸರಿಯಾದ ಪರಿಹಾರ ಸಿಕ್ಕಿದೆ, ಆದರೆ ಸಾಫ್ಟ್‌ವೇರೂ ಕೀಬೋರ್ಡೂ ಎರಡೂ ಅದನ್ನು ಬಲ್ಲವಾಗಿರಬೇಕು. ನಮ್ಮ ಸಂಗೀತದವರಿಗೆ ಇದು ಇನ್ನೂ ಹೆಚ್ಚು ಮುಖ್ಯ. ವೀಣೆಯಲ್ಲಿ ತಂತಿಯನ್ನು ಒಂದೇ ಮೆಟ್ಟಿಲಿನ ಮೇಲೆ ಎಳೆದು ಮುಂದಿನ ಸ್ವರಗಳನ್ನು ಮುಟ್ಟುವಂತೆ, ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವ ಆರ್. ಪ್ರಸನ್ನ ಅವರಂಥವರ ವಾದನದಲ್ಲಿ ಗಮಕಗಳು ಎಳೆತ ಮತ್ತು ಜಾರುವಿಕೆಗಳಿಂದ ಮೂಡುತ್ತವೆ. ಬೆಂಡ್‌ನ ವ್ಯಾಪ್ತಿಯನ್ನು ಬದಲಿಸಲು ಬಿಡದ, ಅಥವಾ ಪ್ರತಿ ದೀರ್ಘ ಸ್ವರಕ್ಕೂ ಮುದ್ರಿಕೆಯಲ್ಲೇ ಕಂಪನ ಬೆರೆಸಿಟ್ಟ ಸಾಫ್ಟ್‌ವೇರ್ ಅಂಥ ಕೆಲಸಕ್ಕೆ ಬಾರದು.

ಕೀ ಒತ್ತಿದ್ದಕ್ಕೂ ಸದ್ದು ಬಂದದ್ದಕ್ಕೂ ನಡುವಿನ ವಿಳಂಬವನ್ನು ಅಳೆಯುವಾಗ ಎರಡು ಕಾರಣಗಳನ್ನು ಬೇರ್ಪಡಿಸಬೇಕು. ಮೊದಲನೆಯದು ಕಂಪ್ಯೂಟರಿನ ಬಫರ್, ಅಂದರೆ ಹೊರಬಿಡುವ ಮೊದಲು ಸದ್ದಿನ ತುಣುಕುಗಳನ್ನು ಕೂಡಿಟ್ಟುಕೊಳ್ಳುವ ಜಾಗ: ಸೆಕೆಂಡಿಗೆ 44,100 ತುಣುಕುಗಳ ದರದಲ್ಲಿ 128ರ ಬಫರ್ ಸುಮಾರು 2.9 ಮಿಲಿಸೆಕೆಂಡನ್ನೂ, 512ರದ್ದು ಸುಮಾರು 11.6 ಮಿಲಿಸೆಕೆಂಡನ್ನೂ ಸೇರಿಸುತ್ತದೆ. ಇದು ವಾದ್ಯದ ದೋಷವಲ್ಲ. ಎರಡನೆಯದು ಮುದ್ರಿಕೆಯೊಳಗಿನ ತಡ. ಸ್ವರಕ್ಕೆ ಮುಂಚಿನ ಉಗುರಿನ ಉಜ್ಜಾಟ ಅಥವಾ ಜಾರಿನ ಆರಂಭವನ್ನು ಹಾಗೆಯೇ ಉಳಿಸಿಕೊಂಡರೆ ನಾದ ಸಹಜವಾಗುತ್ತದೆ, ತಾಳ ಹಿಂದೆ ಬೀಳುತ್ತದೆ. ತಾಳ ಹಾಕುವ ಮೆಟ್ರೊನೋಮಿನೊಂದಿಗೆ ಬರಿಯ ಸ್ಲೈಡ್‌ಗಳನ್ನೇ ನುಡಿಸಿ ನೋಡಿದರೆ ಇದು ಬಯಲಾಗುತ್ತದೆ.

ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಸೆಷನ್ ಗಿಟಾರಿಸ್ಟ್ ಸರಣಿಯ ಸ್ಟ್ರಮ್ಡ್ ಅಕೌಸ್ಟಿಕ್‌ನಂತೆ ಸಿದ್ಧ ಲಯವಿನ್ಯಾಸಗಳನ್ನು ಆಧರಿಸಿದ ಸಾಫ್ಟ್‌ವೇರ್‌ಗಳನ್ನು ಈ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ. ಅಲ್ಲಿ ನಾವು ಕಾರ್ಡನ್ನು ಸೂಚಿಸುತ್ತೇವೆ, ಬಾರಿಸಿದವರು ಬೇರೆ. ಹಿನ್ನೆಲೆಯ ಲಯಕ್ಕೆ ಅವು ಬಹಳ ಚೆನ್ನಾಗಿ ಒದಗುತ್ತವೆ.

ಕೀಬೋರ್ಡಿನ ಬದಲು ಮಿಡಿ ಪಿಕಪ್ (ತಂತಿಯ ಕಂಪನವನ್ನು ಮಿಡಿ ಸಂದೇಶವಾಗಿಸುವ ಸಾಧನ) ಜೋಡಿಸಿದ ನಿಜವಾದ ಗಿಟಾರಿನಿಂದಲೇ ಇವುಗಳನ್ನು ನುಡಿಸುವವರು ಪರೀಕ್ಷೆಯನ್ನು ತುಸು ಬದಲಿಸಿಕೊಳ್ಳಬೇಕು. ಪ್ರತಿ ತಂತಿಗೂ ಒಂದು ಚಾನೆಲಿನಂತೆ ಆರು ಚಾನೆಲುಗಳಲ್ಲಿ ಸಂದೇಶ ಕಳುಹಿಸುವ ಪಿಕಪ್ಪಾದರೆ ಯಾವ ತಂತಿ ಎಂಬುದು ಮೊದಲೇ ಗೊತ್ತಿರುತ್ತದೆ; ಸಾಫ್ಟ್‌ವೇರ್ ಊಹೆಯನ್ನು ಕೈಬಿಟ್ಟು ಆ ಆರನ್ನೂ ಬೇರೆ ಬೇರೆಯಾಗಿ ಸ್ವೀಕರಿಸುತ್ತದೆಯೇ ಎಂಬುದನ್ನಷ್ಟೇ ನೋಡಿದರಾಯಿತು. ತಗ್ಗಿನ ‘ಇ’ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುವುದರಿಂದ ಒಂದು ಕಂಪನಕ್ಕೇ 12 ಮಿಲಿಸೆಕೆಂಡು ಬೇಕು, ಸ್ವರವನ್ನು ಗುರುತಿಸುವ ಯಂತ್ರ ಅಷ್ಟಾದರೂ ಕಾಯುತ್ತದೆ. ಮೊದಲನೆಯ ತಂತಿಯಲ್ಲಿ ಅದು 3 ಮಿಲಿಸೆಕೆಂಡು. ದಪ್ಪ ತಂತಿಯಲ್ಲಿ ತಡವೆನಿಸಿದ ಪಲುಕು ತೆಳು ತಂತಿಯಲ್ಲಿ ಚುರುಕಾಗಿ ಬಂದರೆ, ಆ ತಡ ಪಿಕಪ್ಪಿನದೆಂದು ತಿಳಿದು ಸಾಫ್ಟ್‌ವೇರಿನ ಅಂಕ ಕಡಿತ ಮಾಡದಿರುವುದು ಸರಿಯಾದ ಕ್ರಮ.